ಒಂದೇ ಹೆಸರಿನ ನೆಂಟರು

ತೊಂಬತ್ತರ ದಶಕದ ನಡುವಿನಲ್ಲಿ ನಾನು ದುಬೈಯ ಒಂದು ಇಂಗ್ಲಿಷ್ ಪತ್ರಿಕೆಗೆ ಉಪಸಂಪಾದಕಿಯಾಗಿ ಸೇರಿದಾಗ ಅದರ ಲೈಬ್ರರಿಗೆ ಇನ್ನೂ ಕಂಪ್ಯೂಟರ್ ಬಂದಿರಲಿಲ್ಲ. ಕಬ್ಬಿಣದ ಕಪಾಟುಗಳಿದ್ದವು. ಕಪಾಟುಗಳ ತುಂಬ ಕಂದು ಲಕೋಟೆಗಳು, ಒಂದೊಂದು ಲಕೋಟೆಯ ಮೇಲೂ ಒಂದೊಂದು ಹೆಸರು. ಬೇರೆ ಬೇರೆ ಪತ್ರಿಕೆಗಳಿಂದ ಕತ್ತರಿಸಿದ ತುಣುಕುಗಳನ್ನು ಹೆಸರಿನ ಪ್ರಕಾರ ಅವುಗಳಲ್ಲಿ ತುಂಬಿಡುತ್ತಿದ್ದರು. ಯಾರಾದರೂ ಮಂತ್ರಿ ತೀರಿಕೊಂಡರೆ, ಎಲ್ಲಾದರೂ ಭೂಮಿ ನಡುಗಿದರೆ, ನಾವು ಓಡಿ ಹೋಗಿ ಆ ಹೆಸರಿನ ಲಕೋಟೆ ತರುತ್ತಿದ್ದೆವು.

ನಾನು ಸೇರಿದ ಮೊದಲ ಚಳಿಗಾಲದಲ್ಲಿ ಫ್ರಾನ್ಸಿನ ಒಂದು ಚಿಕ್ಕ ಪಟ್ಟಣಕ್ಕೆ ನೆರೆ ನುಗ್ಗಿತು. ಪಟ್ಟಣದ ಬಗ್ಗೆ ಎರಡು ಸಾಲು ಹಿನ್ನೆಲೆ ಬೇಕು ಎಂದು ನನ್ನನ್ನು ಲೈಬ್ರರಿಗೆ ಕಳಿಸಿದರು. ಸಿಕ್ಕಿದ ಲಕೋಟೆಯ ಹೊಟ್ಟೆ ಉಬ್ಬಿ ಅಂಚು ಹರಿದಿತ್ತು. ಮೇಜಿನ ಮೇಲೆ ಸುರಿದುಕೊಂಡು ನೋಡಿದೆ. ಪಟ್ಟಣದ ಹಳೆಯ ಸೇತುವೆಯ ಚಿತ್ರ ಇತ್ತು. ಅದರ ಜೊತೆಗೇ ಮೊಣಕಾಲು ಮುರಿದುಕೊಂಡ ಒಬ್ಬ ಫುಟ್‌ಬಾಲ್ ಆಟಗಾರ, ಮುಪ್ಪಿನಲ್ಲಿ ಹೆಸರು ಮಾಡಿದ ಚಿತ್ರಕಲಾವಿದೆ, ಕೆನಡಾದ ಕಾಡಿನೊಳಗಿನ ಜಲಪಾತ, ಮಾರಿಷಸ್‌ನಲ್ಲಿ ಚಂಡಮಾರುತಕ್ಕೆ ಸಿಕ್ಕಿ ಮಲಗಿದ ಕಬ್ಬಿನ ತೋಟ, ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ ಮರಳಿಗೆ ಸಿಕ್ಕಿಕೊಂಡ, ಹಡಗು ಎಳೆಯುವ ಒಂದು ಟಗ್ ದೋಣಿ. ಅಷ್ಟಕ್ಕೂ ಒಂದೇ ಹೆಸರು. ಒಂದು ಶಬ್ದ ಎಷ್ಟು ದೂರ ನಡೆದು ಹೋಗಿದೆ ಎಂದು ನೋಡುತ್ತ ನಾನು ಬಂದ ಕೆಲಸವನ್ನೇ ಸ್ವಲ್ಪ ಹೊತ್ತು ಮರೆತೆ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹೊತ್ತವರಲ್ಲಿ ಕೆಲವರು ಇನ್ನೂ ಇದ್ದಾರೆ, ಅವರ ಒಪ್ಪಿಗೆ ಕೇಳುವ ದಾರಿ ನನಗಿಲ್ಲ. ಅರ್ಥ ಹೇಳಬಹುದು. ಫ್ರೆಂಚಿನಲ್ಲಿ ಅದರ ಅರ್ಥ ಚೆಂದದ ಗುಡ್ಡ.

ಮನುಷ್ಯರ ತುಣುಕು ಬೇರೆ, ಊರುಗಳ ತುಣುಕು ಬೇರೆ ಇಡಬೇಕು ಎಂಬುದು ಲೈಬ್ರರಿಯ ನಿಯಮ. ಇದೊಂದನ್ನು ಯಾಕೆ ಬೆರೆಸಿದ್ದೀರಿ ಎಂದು ಲೈಬ್ರರಿ ನೋಡಿಕೊಳ್ಳುತ್ತಿದ್ದವರನ್ನು ಕೇಳಿದೆ. ಅವರು ಪುದುಚೇರಿಯ ತಮಿಳರು, ತೆಳ್ಳಗೆ, ಕಪ್ಪಗೆ, ಬೇಸಿಗೆಯಲ್ಲೂ ಟೈ ಕಟ್ಟುತ್ತಿದ್ದವರು. ಬೇರ್ಪಡಿಸಲು ಎರಡು ಸಲ ಕೂತೆ, ಮನಸ್ಸಾಗಲಿಲ್ಲ ಎಂದರು. ಆಮೇಲೆ ಅಂಗಿಯ ಜೇಬಿಗೆ ಸಿಕ್ಕಿಸಿದ್ದ ಗುರುತಿನ ಚೀಟಿಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಅವರ ಹೆಸರೂ ಅದೇ.

ಕಚೇರಿಯಲ್ಲಿ ಎಲ್ಲರೂ ಅವರನ್ನು ಮುಸ್ಯೂ ಎನ್ನುತ್ತಿದ್ದರು. ಫ್ರೆಂಚರು ಗಂಡಸರನ್ನು ಗೌರವದಿಂದ ಕರೆಯುವ ಮಾತು. ನಮ್ಮವರ ಬಾಯಲ್ಲಿ ಅರ್ಧ ತಮಾಷೆ, ಅರ್ಧ ಮರ್ಯಾದೆ. ಈ ಹೆಸರು ನಿಮಗೆ ಹೇಗೆ ಬಂತು ಎಂದು ಕೇಳಿದವರಿಗೆಲ್ಲ ಅವರು ಪುದುಚೇರಿ ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದರು. ನಾನು ಒತ್ತಾಯಿಸಲಿಲ್ಲ. ಹೆಸರಿನ ವಿಷಯದಲ್ಲಿ ನನ್ನ ಸ್ಥಿತಿಯೂ ಹೇಳಿಕೊಳ್ಳುವಂಥದ್ದಲ್ಲ. ನಮ್ಮ ಮೈಸೂರು ಕಡೆ ಮನೆತನದ ಹೆಸರೆಂಬುದೇ ಇಲ್ಲ. ಊರಿನ ಒಂದಕ್ಷರ, ತಂದೆಯ ಒಂದಕ್ಷರ, ಆಮೇಲೆ ನಾವು. ವೀಸಾ ಮಾಡಿಸುವಾಗ ತಂದೆಯ ಹೆಸರು ಮನೆತನದ ಜಾಗಕ್ಕೆ ಹೋಗಿ ಕೂತು, ದುಬೈಯಲ್ಲಿ ಇದ್ದಷ್ಟು ಕಾಲವೂ ಜನ ನನ್ನನ್ನು ಮಿಸ್ ಎಂದು ಸೇರಿಸಿ ನಮ್ಮ ತಂದೆಯ ಹೆಸರಿನಿಂದಲೇ ಕರೆದರು. ರಜೆಗೆ ಹೋದಾಗ ಹೇಳಿದೆ. ಹಾಗಿದ್ದರೆ ಸಂಬಳವೂ ನನ್ನ ಕೈಗೇ ಬರಬೇಕಲ್ಲವೇ ಎಂದು ತಂದೆ ಕೇಳಿದರು.

ಮುಸ್ಯೂ ಹೆಂಡತಿಯನ್ನು ಬಹಳ ಹಿಂದೆ ಕಳೆದುಕೊಂಡಿದ್ದರು. ಒಬ್ಬಳೇ ಮಗಳು, ಶಾಲೆಯಿಂದ ಹಿಡಿದು ದುಬೈಯಲ್ಲೇ ಬೆಳೆದವಳು, ಟ್ರಾವೆಲ್ ಏಜೆನ್ಸಿಯಲ್ಲಿ ಕೆಲಸಕ್ಕಿದ್ದಳು. ನಾನು ಅಲ್ಲಿಗೆ ಬಂದು ಮೂರು ನಾಲ್ಕು ವರ್ಷವಾಗಿದ್ದಾಗ ಅವಳಿಗೆ ಮದುವೆ ನಿಶ್ಚಯವಾಯಿತು. ಹುಡುಗ ಅಬುಧಾಬಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದವನು, ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ ಮನೆತನದವನು. ಇಬ್ಬರೂ ತಾವೇ ಮೆಚ್ಚಿಕೊಂಡಿದ್ದರು.

ಹುಡುಗನ ಮನೆಗೆ ಮಾತುಕತೆಗೆ ಹೋಗುವ ದಿನ ಮುಸ್ಯೂ ನನ್ನನ್ನೂ ಟೆಲಿಫೋನ್ ಅಣ್ಣನನ್ನೂ ಜೊತೆಗೆ ಬರುವಂತೆ ಕೇಳಿಕೊಂಡರು. ಈ ಅಣ್ಣ ನಮ್ಮ ಪತ್ರಿಕೆಯ ಸ್ವಿಚ್‌ಬೋರ್ಡ್ ಆಪರೇಟರು, ಕಾಪು ಕಡೆಯ ತುಳುವರು. ಮುಂಬೈಯ ಹೋಟೆಲುಗಳಲ್ಲಿ ಅದೇ ಕೆಲಸ ಮಾಡಿ ದುಬೈಗೆ ಬಂದಿದ್ದರು. ಗಂಟಲು ಎಷ್ಟು ಚೆನ್ನಾಗಿತ್ತೆಂದರೆ, ಸಂಪಾದಕರ ಮೇಲೆ ರೇಗಿಕೊಂಡು ಫೋನ್ ಮಾಡಿದವರು ಅಣ್ಣನ ಹತ್ತಿರ ಮಾತಾಡಿ ಸಮಾಧಾನಗೊಂಡು ಫೋನ್ ಇಟ್ಟುಬಿಡುತ್ತಿದ್ದರು.

ಅಬುಧಾಬಿಯ ಆ ಮನೆಯಲ್ಲಿ ಹುಡುಗನ ಕಡೆಯವರು ಹಾಲ್ ತುಂಬ ಕೂತಿದ್ದರು. ಚಿಕ್ಕಪ್ಪಂದಿರು, ಅತ್ತೆಯರು, ಅವರ ಮಕ್ಕಳು. ಹೆಣ್ಣಿನ ಕಡೆಯವರೆಂದರೆ ನಾವು ಮೂವರು, ಅದರಲ್ಲಿ ಇಬ್ಬರು ಆಫೀಸಿನವರು. ಹುಡುಗನ ತಾಯಿ ಮೃದು ಮಾತಿನ ಹೆಂಗಸು. ಊಟವಾದ ಮೇಲೆ ತಮ್ಮಲ್ಲಿ ಹೆಣ್ಣನ್ನು ಒಪ್ಪಿಸಿಕೊಡುವ ಶಾಸ್ತ್ರ ಇದೆ ಎಂದು ವಿವರಿಸಿದರು. ಮದುವೆಯ ಊಟದ ಕೊನೆಗೆ ಹೆಣ್ಣಿನ ಕುಟುಂಬದ ಹಿರಿಯರೆಲ್ಲ ಎದ್ದು ಬಂದು, ಈವತ್ತಿನಿಂದ ಇವಳು ನಿಮ್ಮವಳು, ನಮ್ಮ ಮಗುವನ್ನು ಚೆನ್ನಾಗಿ ನೋಡಿಕೊಳ್ಳಿ ಎಂದು ಹೇಳಿ ಅವಳ ಕೈಯನ್ನು ಗಂಡಿನ ಮನೆಯವರ ಕೈಯಲ್ಲಿ ಇಡಬೇಕು. ನಿಮ್ಮ ಕಡೆ ಅಷ್ಟು ಜನ ಇಲ್ಲದಿದ್ದರೆ ಪರವಾಗಿಲ್ಲ, ಆ ಒಂದು ಶಾಸ್ತ್ರ ಬಿಟ್ಟುಬಿಡೋಣ ಎಂದೂ ಅವರೇ ಹೇಳಿದರು.

ಬಿಡುವುದು ಬೇಡ ಎಂದರು ಮುಸ್ಯೂ.

ಆಗ ಹುಡುಗನ ದೊಡ್ಡ ಅತ್ತೆ, ಕೋಣೆಯ ಇನ್ನೊಂದು ತುದಿಯಲ್ಲಿ ಕೂತಿದ್ದವರು, ಪಕ್ಕದವರಿಗೆ ಕೊಂಕಣಿಯಲ್ಲಿ ಏನೋ ಹೇಳಿದರು. ನಮ್ಮ ಮೂವರಲ್ಲಿ ಕೊಂಕಣಿ ಬರುತ್ತಿದ್ದದ್ದು ಅಣ್ಣನಿಗೆ ಮಾತ್ರ. ಅವರು ಹೇಳಿದ್ದೇನೆಂದು ವಾಪಸು ಬರುವ ದಾರಿಯಲ್ಲಿ ಮುಸ್ಯೂ ತಾವೇ ಕೇಳಿದರು. ಅಣ್ಣ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಹಿಂದೆ ಮುಂದೆ ಯಾರೂ ಇಲ್ಲದ ಹುಡುಗಿ ಎಂದರಂತೆ. ಮುಸ್ಯೂ ಕಿಟಕಿಯ ಹೊರಗೆ ನೋಡುತ್ತ, ಹೇಳಿದ್ದು ನಿಜವೇ ಅಲ್ಲವೇ ಎಂದರು. ಪುದುಚೇರಿಯಲ್ಲಿದ್ದ ಬಂಧುಗಳು ಒಬ್ಬೊಬ್ಬರಾಗಿ ಫ್ರಾನ್ಸಿಗೆ ಹೋಗಿ ನೆಲೆಸಿದ್ದರು. ಕ್ರಿಸ್‌ಮಸ್ ಕಾರ್ಡೂ ನಿಂತು ವರ್ಷಗಳಾಗಿದ್ದವು. ಹೆಂಡತಿಯ ಕಡೆಯವರಲ್ಲಿ ಉಳಿದಿದ್ದದ್ದು ಹಾಸಿಗೆ ಹಿಡಿದ ಒಬ್ಬ ಅಣ್ಣ. ತಾನು ಸತ್ತರೆ ಮಗಳಿಗೊಂದು ತವರು ಎಂಬುದೇ ಇರುವುದಿಲ್ಲ, ಅಷ್ಟು ದೊಡ್ಡ ಮನೆಯೊಳಗೆ ಅವಳು ಒಬ್ಬಳೇ ಹೋಗಬೇಕು, ಅವಳ ಪರವಾಗಿ ಒಂದು ಮಾತಾಡುವವರು ಈ ಲೋಕದಲ್ಲಿ ಇಲ್ಲ ಎಂದು ಅವರಿಗೆ ಎಲ್ಲರೂ ನೋಡುವ ಹಾಗೆ ತೋರಿಸಿಕೊಟ್ಟಂತಾಗಿತ್ತು.

ಅಣ್ಣ ಆಮೇಲೆ ಮಾಡಿದ್ದನ್ನು ಕಾಪು ಕಡೆಯ ಟೆಲಿಫೋನ್ ಆಪರೇಟರೊಬ್ಬರು ಮಾತ್ರ ಮಾಡಲು ಸಾಧ್ಯ. ತಮ್ಮ ಯೋಚನೆಯನ್ನು ನನಗೆ ಆಮೇಲೆ ಬಿಡಿಸಿ ಹೇಳಿದರು. ಕೆಲವು ಅಡ್ಡಹೆಸರು ಜಾತಿಯಿಂದ ಬರುತ್ತವೆ, ಅವನ್ನು ಹೊತ್ತವರೆಲ್ಲ ನೆಂಟರಲ್ಲ. ಕೆಲವು ಕಸುಬಿನಿಂದ ಬರುತ್ತವೆ, ಅವರೂ ಅಲ್ಲ. ಆದರೆ ಜಾಗದ ಹೆಸರನ್ನೇ ಅಡ್ಡಹೆಸರಾಗಿ ಇಟ್ಟುಕೊಂಡವರು ಒಂದೇ ಮೂಲಮನೆಯವರು. ತುಳುನಾಡಿನಲ್ಲಿ ಗುಡ್ಡದ ಮೇಲಿನ ಮನೆಯ ಹೆಸರು ಹೊತ್ತವನು ಮುಂಬೈಯಲ್ಲಿದ್ದರೂ ಆ ಮನೆಯವನೇ. ಆ ಮನೆಯ ಮದುವೆಗೆ ಅವನನ್ನು ಕರೆಯದಿದ್ದರೆ ತಪ್ಪು, ಕರೆದರೆ ಬಾರದಿರುವುದು ಅದಕ್ಕಿಂತ ದೊಡ್ಡ ತಪ್ಪು. ಮುಸ್ಯೂ ಹೆಸರಿನ ಅರ್ಥ ಗುಡ್ಡ ಎಂದು ನಾನೇ ಅವರಿಗೆ ಹೇಳಿದ್ದೆ.

ಹಾಗಾಗಿ ಅಣ್ಣ ದುಬೈ ಮತ್ತು ಅಬುಧಾಬಿಯ ಟೆಲಿಫೋನ್ ಡೈರೆಕ್ಟರಿಗಳನ್ನು ತೆಗೆದು, ಆ ಹೆಸರಿದ್ದ ಮನೆಗಳಿಗೆಲ್ಲ ಫೋನ್ ಮಾಡಿ, ನಿಮ್ಮ ಕುಟುಂಬದ ಹುಡುಗಿಗೆ ಶುಕ್ರವಾರ ಊದ್ ಮೇಥಾ ಬಡಾವಣೆಯ ಇಗರ್ಜಿಯಲ್ಲಿ ಮದುವೆ, ಹುಡುಗಿಯ ತಂದೆ ನಿಮ್ಮನ್ನು ಎದುರು ನೋಡುತ್ತಾರೆ ಎಂದು ತಮ್ಮ ಅತ್ಯುತ್ತಮ ಇಂಗ್ಲಿಷಿನಲ್ಲಿ ಕರೆದರು. ಮುಸ್ಯೂಗೆ ಒಂದು ಮಾತೂ ಹೇಳಲಿಲ್ಲ. ಕುಟುಂಬದವರನ್ನು ಕರೆಯಲು ಅಪ್ಪಣೆ ಬೇಕೇ ಎಂಬುದು ಅವರ ವಾದ.

ವಿಷಯ ಹೊರಬಿದ್ದದ್ದು ಮದುವೆಯ ವಾರದಲ್ಲಿ. ನಾನು ಯಾವುದೋ ತುಣುಕಿಗಾಗಿ ಲೈಬ್ರರಿಯಲ್ಲಿದ್ದೆ. ಮುಸ್ಯೂ ಮೇಜಿನ ಫೋನ್ ಎತ್ತಿ ಸ್ವಲ್ಪ ಹೊತ್ತು ಕೇಳಿ, ಬಾಯಿಗೆ ಹಿಡಿಯುವ ತುದಿಯನ್ನು ಅಂಗೈಯಿಂದ ಮುಚ್ಚಿ ನನ್ನನ್ನು ನೋಡಿದರು. ಬನಿಯಾಸ್ ಬಡಾವಣೆಯಿಂದ ಯಾರೋ ಹೆಂಗಸು. ಮಕ್ಕಳನ್ನು ಕರೆತರಬಹುದೇ, ಹುಡುಗಿಗೆ ಯಾವ ಬಣ್ಣ ಇಷ್ಟ ಎಂದು ಕೇಳುತ್ತಿದ್ದಾಳೆ, ತನ್ನ ಗಂಡನ ಹೆಸರೂ ನನ್ನ ಹೆಸರೂ ಒಂದೇ ಎನ್ನುತ್ತಾಳೆ ಎಂದರು. ಮಕ್ಕಳನ್ನು ಕರೆತನ್ನಿ ಎಂದು ಹೇಳಿ ಫೋನ್ ಇಟ್ಟರು.

ಅಣ್ಣನನ್ನು ಕರೆಸಿದೆವು. ಅಣ್ಣ ಸಂತೋಷದಿಂದಲೇ ಒಪ್ಪಿಕೊಂಡರು. ಕೆಲವರು ಏನಾದರೂ ಮಾರಲು ಬಂದಿದ್ದೀರಾ ಎಂದು ಕೇಳಿ ಫೋನ್ ಇಟ್ಟರಂತೆ. ಒಂದು ಮನೆಯಲ್ಲಿ ಈಗ ಬೇರೆಯವರಿದ್ದರು. ಬೈರೂತ್ ಕಡೆಯ ಒಬ್ಬ ಚಿನ್ನದ ವ್ಯಾಪಾರಿ ಪೂರ್ತಿ ಕೇಳಿಸಿಕೊಂಡು, ಶುಕ್ರವಾರ ನಾನಿಲ್ಲ, ಆದರೆ ಹೂವು ಕಳಿಸುತ್ತೇನೆ ಎಂದನಂತೆ. ಮೂರು ಮನೆಯವರು ಬರುತ್ತೇವೆ ಎಂದಿದ್ದರು.

ಮುಸ್ಯೂ ಕುರ್ಚಿ ಎಳೆದುಕೊಂಡು ಕೂತರು. ಇಷ್ಟು ವರ್ಷ ಪುದುಚೇರಿ ಎಂಬ ಒಂದು ಮಾತಿನಲ್ಲಿ ಮುಗಿಸುತ್ತಿದ್ದ ಕಥೆಯನ್ನು ಅವತ್ತು ಪೂರ್ತಿ ಹೇಳಿದರು. ಅವರ ಮುತ್ತಜ್ಜನ ಕಾಲದಲ್ಲಿ, ಅಲ್ಲಿ ಫ್ರೆಂಚರ ಆಳ್ವಿಕೆಯಿದ್ದಾಗ, ಹಳೆಯ ಕಟ್ಟುಕಟ್ಟಳೆ ಬಿಟ್ಟು ಫ್ರೆಂಚ್ ಕಾನೂನಿನ ಕೆಳಗೆ ಬರಲು ಒಪ್ಪಿದವರಿಗೆ ಹೊಸ ಅಡ್ಡಹೆಸರು ಬರೆಸುವ ಅವಕಾಶ ಇತ್ತು. ಜಾತಿ ತಿಳಿಯದ ಹೆಸರು ಬೇಕೆಂದು ಎಷ್ಟೋ ಮಂದಿ ಬರೆಸಿದರು. ಅಧಿಕಾರಿಯ ಹೆಸರು ಹಿಡಿದವರಿದ್ದರು, ಸಂತರ ಹೆಸರು ಹಿಡಿದವರಿದ್ದರು. ಮುತ್ತಜ್ಜ ಕಚೇರಿಗೆ ಹೋಗುವ ಬೆಳಿಗ್ಗೆ ಸಮುದ್ರದ ಕಟ್ಟೆಯ ಹತ್ತಿರ ಒಂದು ದೋಣಿಯ ಪಕ್ಕೆಯಲ್ಲಿ ಬರೆದಿದ್ದ ಹೆಸರನ್ನು ನೋಡಿದ. ಯಾರಿಂದಲೋ ಓದಿಸಿ ಕೇಳಿದ, ಕಿವಿಗೆ ಹಿತವಾಯಿತು, ಬರೆಸಿಬಿಟ್ಟ.

"ದೋಣಿಯಿಂದ ಕಿತ್ತುಕೊಂಡ ಹೆಸರು ಇದು," ಎಂದರು ಮುಸ್ಯೂ. "ನಿಜವಾದ ವಾರಸುದಾರರು ಬಂದು, ನೀವು ಯಾವ ಶಾಖೆಯವರು ಅಂತ ಆ ಜನರ ಎದುರಿಗೆ ಕೇಳಿದರೆ ನಾನು ಏನು ಹೇಳಲಿ? ನನ್ನ ಮಗಳಿಗೆ ಬಳಗ ಇಲ್ಲ ಅಂತ ಈಗಾಗಲೇ ಗೊತ್ತಿದೆ. ಹೆಸರೂ ಇಲ್ಲ ಅಂತ ಆಗುತ್ತದೆ."

ಫೋನ್ ಮಾಡಿ ಬರಬೇಡಿ ಎಂದು ಹೇಳಿಬಿಡಿ ಎಂದು ಅಣ್ಣನನ್ನು ಬೇಡಿಕೊಂಡರು. ಅಣ್ಣನ ಮುಖ ಗಂಭೀರವಾಯಿತು. ತಿರುಗಿ ನನಗೆ ಕನ್ನಡದಲ್ಲಿ ಹೇಳಿದರು:

"ಅಕ್ಕ, ಇವರಿಗೆ ನೀವು ಹೇಳಿ. ಮದುವೆಗೆ ಕರೆದವರನ್ನು ಬರಬೇಡಿ ಅಂತ ಹೇಳುವ ಕ್ರಮ ನಮ್ಮಲ್ಲಿ ಇಲ್ಲ. ಬೇಕಾದ್ರೆ ಕೆಲಸ ಬಿಡ್ತೇನೆ ಮಾರಾಯ್ರೆ, ಆ ಫೋನ್ ನಾನು ಮಾಡುದಿಲ್ಲ."

ಹಾಗಾದರೆ ನಾನು ಮಾಡುತ್ತೇನೆ ಎಂದೆ. ತಪ್ಪು ಅಚ್ಚಾದರೆ ಮರುದಿನ ತಿದ್ದುಪಡಿ ಹಾಕುವುದು ನಮ್ಮ ಕಸುಬು. ಎರಡು ವಾಕ್ಯ ಬರೆದೆ: ಹೆಸರು ಒಂದೇ ಇದ್ದದ್ದರಿಂದ ಗೊಂದಲವಾಯಿತು, ತೊಂದರೆಗೆ ವಿಷಾದಿಸುತ್ತೇವೆ. ಅಷ್ಟರಲ್ಲಿ ಕೆಲಸ ಮುಗಿಸಿ ಮಗಳು ತಂದೆಯನ್ನು ಕರೆದೊಯ್ಯಲು ಬಂದಳು. ನಡೆದದ್ದನ್ನೆಲ್ಲ ಕೇಳಿದಳು, ನನ್ನ ಎರಡು ವಾಕ್ಯ ಓದಿದಳು. ಅವಳು ತಂದೆಯೊಡನೆ ಯಾವಾಗಲೂ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದವಳು. ಬರಲಿ ಬಿಡಿ ಡ್ಯಾಡಿ, ನನ್ನ ಹೆಸರಿನ ಇನ್ನೊಬ್ಬ ಮನುಷ್ಯನನ್ನು ನಾನು ಈವರೆಗೆ ನೋಡಿಲ್ಲ ಎಂದಳು. ನನ್ನ ತಿದ್ದುಪಡಿ ಅಚ್ಚಾಗಲಿಲ್ಲ.

ಆ ಕಾಲದಲ್ಲಿ ಅಲ್ಲಿ ವಾರದ ರಜೆ ಶುಕ್ರವಾರ. ಇಗರ್ಜಿಯಲ್ಲಿ ಅವತ್ತು ಒಂದರ ಹಿಂದೆ ಒಂದು ಪೂಜೆ, ಒಂದು ಮಲಯಾಳದಲ್ಲಿ, ಒಂದು ಫಿಲಿಪಿನೋಗಳ ಭಾಷೆಯಲ್ಲಿ, ಒಂದು ಅರಬಿಯಲ್ಲಿ, ಒಂದು ಕೊಂಕಣಿಯಲ್ಲಿ. ಒಳಗಿನವರು ಹೊರಗೆ ಬರುವ ಮೊದಲೇ ಹೊರಗಿನವರು ಒಳಗೆ ನುಗ್ಗುತ್ತಾರೆ. ಆ ಸಂತೆಯಲ್ಲಿ ಮುಖ ನೋಡಿರದ ನೆಂಟರನ್ನು ಹುಡುಕುವುದು ಹೇಗೆ? ಅಣ್ಣ ಅದಕ್ಕೂ ದಾರಿ ಕಂಡುಕೊಂಡಿದ್ದರು. ವಿಮಾನ ನಿಲ್ದಾಣದಲ್ಲಿ ಹೋಟೆಲ್ ಡ್ರೈವರುಗಳು ನಿಲ್ಲುತ್ತಾರಲ್ಲ, ಹಾಗೆ ರಟ್ಟಿನ ಮೇಲೆ ಆ ಹೆಸರನ್ನು ದಪ್ಪಕ್ಷರದಲ್ಲಿ ಬರೆದು, ಎದೆಗೆ ಹಿಡಿದು, ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮಗಳನ್ನು ಒಳಗೆ ಕರೆದೊಯ್ಯಬೇಕಾದ ಮುಸ್ಯೂ ಕಾರಿನ ಹತ್ತಿರ ನಿಂತು ಆ ರಟ್ಟನ್ನೇ ನೋಡುತ್ತಿದ್ದರು.

ಮೊದಲು ಬಂದದ್ದು ಬನಿಯಾಸ್‌ನವರು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಮಾರಿಷಸ್‌ನವರು, ಆಫ್ರಿಕದ ಮೈಬಣ್ಣ, ಅವನು ಒಂದು ಆಸ್ಪತ್ರೆಯ ಅಡಿಗೆಮನೆಯಲ್ಲಿ ಬ್ರೆಡ್ಡು ಕೇಕು ಮಾಡುವವನು. ಕೈಯಲ್ಲಿ ದೊಡ್ಡ ಪೆಟ್ಟಿಗೆ ಇತ್ತು. ಅವರು ರಟ್ಟಿನ ಮುಂದೆ ನಿಂತು ನಗುತ್ತಿರುವಾಗಲೇ ಗುಂಪಿನ ತಲೆಗಳ ಮೇಲಿಂದ ಒಂದು ಕೆಂಪು ಮುಖ ರಟ್ಟಿನ ಕಡೆ ತೇಲಿಬಂತು. ಕೆನಡಾದ ಎಂಜಿನಿಯರು, ಅಬುಧಾಬಿಯ ಎಣ್ಣೆ ಬಾವಿಗಳ ಕೆಲಸದವನು, ಇನ್ನೂ ಮದುವೆಯಾಗದವನು. ಕೊನೆಗೆ ಟ್ಯಾಕ್ಸಿಯಿಂದ ಇಳಿದು ಕೋಲೂರಿಕೊಂಡು ಬಂದವರು ಒಬ್ಬ ಫ್ರೆಂಚ್ ಮುದುಕಿ. ಮಗನ ಜೊತೆ ದುಬೈಯಲ್ಲಿದ್ದು ಮಕ್ಕಳಿಗೆ ಪಿಯಾನೋ ಕಲಿಸುತ್ತಿದ್ದವರು. ಅವರು ರಟ್ಟನ್ನು ನೋಡಿದರು, ಬೇಕರಿಯವನನ್ನು ನೋಡಿದರು, ಎಂಜಿನಿಯರನ್ನು ನೋಡಿದರು. ಆಮೇಲೆ ಕಾರಿನಿಂದ ಹತ್ತಿರ ಬಂದಿದ್ದ ಮುಸ್ಯೂವನ್ನು ನೋಡಿದರು. ನಾಲ್ಕು ಬಣ್ಣದ ನಾಲ್ಕು ಜನ ಒಂದು ರಟ್ಟಿನ ಸುತ್ತ ನಿಂತು, ಒಬ್ಬರಿಗೊಬ್ಬರು ಕೈಕೊಟ್ಟು, ಪ್ರತಿಯೊಬ್ಬರೂ ಅದೇ ಒಂದು ಹೆಸರನ್ನು ಹೇಳಿ ತಮ್ಮ ಪರಿಚಯ ಮಾಡಿಕೊಂಡರು. ನಾನು ಎಷ್ಟೋ ರಾಜರ ಭೇಟಿಗಳ ವರದಿ ತಿದ್ದಿದವಳು. ಅಂಥ ಇನ್ನೊಂದು ಪರಿಚಯವನ್ನು ಕಂಡಿಲ್ಲ.

ಮದುವೆಯ ಪೂಜೆ ಮುಗಿಯಿತು. ಊಟ ಹತ್ತಿರದ ಒಂದು ಸಂಘದ ಹಾಲ್‌ನಲ್ಲಿ. ಬಾಗಿಲ ಬಳಿ ಚಿನ್ನದ ವ್ಯಾಪಾರಿ ಕಳಿಸಿದ ಹೂವಿನ ರಾಶಿ ಮನುಷ್ಯನ ಎತ್ತರಕ್ಕೆ ನಿಂತಿತ್ತು, ಅದರ ಮೇಲೂ ಅದೇ ಹೆಸರು. ಗಂಡಿನ ಕಡೆಯವರು ಹಾಲ್‌ನ ಮುಕ್ಕಾಲು ಭಾಗ ತುಂಬಿದ್ದರು. ಹೆಣ್ಣಿನ ಕಡೆಗೆ ಒಂದೇ ಉದ್ದ ಮೇಜು. ಅಣ್ಣ ರಾಸ್ ಅಲ್ ಖೋರ್‌ನ ತಮ್ಮ ಭಾವನ ಗ್ಯಾರೇಜಿನಿಂದ ವ್ಯಾನ್ ತಂದು, ಎಲ್ಲಿಂದಲೋ ಹೆಚ್ಚು ಕುರ್ಚಿ ಹೊತ್ತುಹಾಕಿದ್ದರು. ಅಷ್ಟು ಕುರ್ಚಿ ತುಂಬಲು ನಾವು ಆಫೀಸಿನವರೆಲ್ಲ ಕೂತೆವು.

ಮುಸ್ಯೂ ಏನನ್ನೂ ತಿನ್ನಲಿಲ್ಲ. ಯಾರಾದರೂ ಕೇಳುವ ಮೊದಲು ತಾವೇ ಹೇಳಿಬಿಡಬೇಕೆಂದು ನಿರ್ಧರಿಸಿದ್ದರು. ಆ ಮೂವರ ಕಡೆ ತಿರುಗಿ, ದೋಣಿಯ ಕಥೆ ಹೇಳಿದರು. ಮೊದಲು ಫ್ರೆಂಚಿನಲ್ಲಿ, ಆಮೇಲೆ ನಮಗಾಗಿ ಇಂಗ್ಲಿಷಿನಲ್ಲಿ. ಈ ಹೆಸರಿನ ಮೇಲೆ ನನಗೆ ಹಕ್ಕಿಲ್ಲ, ನಿಮ್ಮನ್ನು ದೂರದಿಂದ ಕರೆಸಿ ಮೋಸ ಮಾಡಿದಂತಾಯಿತು ಎಂದರು.

ಬೇಕರಿಯವನು ಚಮಚ ಕೆಳಗಿಟ್ಟ. ನನ್ನ ಅಜ್ಜನ ಅಜ್ಜನದ್ದು ನಿಮ್ಮ ಹೆಸರಿಗಿಂತ ಕೆಟ್ಟ ಕಥೆ ಎಂದ. ಅವನ ಪೂರ್ವಿಕರನ್ನು ಗುಲಾಮರಾಗಿ ತಂದು ಒಂದು ಕಬ್ಬಿನ ತೋಟದಲ್ಲಿ ಹಾಕಿದ್ದರು. ತೋಟಕ್ಕೆ ಒಡೆಯ ತನಗೆ ಇಷ್ಟವಾದ ಹೆಸರಿಟ್ಟಿದ್ದ. ಬಿಡುಗಡೆಯಾದಾಗ ಗೇಟಿನಿಂದ ಹೊರಬಂದವರಿಗೆಲ್ಲ ತೋಟದ ಹೆಸರನ್ನೇ ಬರೆದು ಕಳಿಸಿದರು. ದೋಣಿಯಿಂದ ನೀವಾಗಿ ಆರಿಸಿಕೊಂಡಿರಿ, ನಮ್ಮನ್ನು ಕೇಳಲೂ ಇಲ್ಲ ಎಂದು ನಕ್ಕ. ಅವನ ಹೆಂಡತಿ ನಗಲಿಲ್ಲ.

ಎಂಜಿನಿಯರನ ಮೂಲಪುರುಷ ಒಬ್ಬ ಸಿಪಾಯಿ. ಆಗಿನ ಫ್ರೆಂಚ್ ಸೈನ್ಯದಲ್ಲಿ ಭರ್ತಿಯಾದವನಿಗೆ ಒಂದು ಕರೆಯುವ ಹೆಸರು ಅಂಟಿಸುತ್ತಿದ್ದರಂತೆ. ಅವನು ಹಡಗು ಹತ್ತಿ ಕೆನಡಾಕ್ಕೆ ಹೋದ, ಸೈನ್ಯ ಬಿಟ್ಟ ಮೇಲೂ ಆ ಹೆಸರು ಅವನನ್ನು ಬಿಡಲಿಲ್ಲ. ತಂದೆತಾಯಿ ಕೊಟ್ಟ ಹೆಸರು ಏನಿತ್ತೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವರ ಊರಿನ ಹತ್ತಿರದ ಜಲಪಾತಕ್ಕೆ ಆ ಸಿಪಾಯಿಯ ಮೊಮ್ಮಗನ ಹೆಸರು ಬಂತು. ಲಕೋಟೆಯಲ್ಲಿ ನಾನು ನೋಡಿದ್ದು ಅದೇ ಜಲಪಾತವೋ ಬೇರೆಯೋ ನಾನು ಕೇಳಲಿಲ್ಲ.

ಈಗ ಉಳಿದವರು ಮುದುಕಿ ಒಬ್ಬರೇ. ನಿಜವಾದ ವಾರಸುದಾರರು ಅವರೇ ಇರಬೇಕೆಂದು ಎಲ್ಲರೂ ಅವರ ಮುಖ ನೋಡಿದರು. ಅವರು ನೀರು ಕುಡಿದು ನಿಧಾನವಾಗಿ ಹೇಳಿದರು. ಹೆಸರು ಗಂಡನದ್ದು. ಗಂಡ ಹುಟ್ಟಿದ್ದು ಸಮುದ್ರದ ಹತ್ತಿರದ ಬೇರೊಂದು ಊರಿನಲ್ಲಿ. ಮದುವೆಯಾದ ಹೊಸದರಲ್ಲಿ ಇಬ್ಬರೂ ಒಂದು ಹಳೆಯ ಕಾರಿನಲ್ಲಿ ಆ ಹೆಸರಿನ ಪಟ್ಟಣ ನೋಡಲೆಂದೇ ಹೋದರು. ಗುಡ್ಡ ಇತ್ತು. ಸೇತುವೆ ಇತ್ತು. ಸ್ಮಶಾನದಲ್ಲಿ ಒಂದೊಂದೇ ಕಲ್ಲು ಓದಿದರು, ಪುರಸಭೆಯಲ್ಲಿ ವಿಚಾರಿಸಿದರು. ಆ ಹೆಸರಿನ ಒಬ್ಬ ಮನುಷ್ಯನೂ ಅಲ್ಲಿಲ್ಲ, ಹಿಂದೆ ಇದ್ದ ಗುರುತೂ ಇಲ್ಲ. ಪುರಸಭೆಯ ಗುಮಾಸ್ತ ನಕ್ಕನಂತೆ. ಇಲ್ಲಿ ಇರುವವರನ್ನು ಯಾಕೆ ಈ ಊರಿನ ಹೆಸರಿನಿಂದ ಕರೆಯುತ್ತಾರೆ, ಎಲ್ಲರೂ ಇಲ್ಲಿಯವರೇ ಅಲ್ಲವೇ? ಊರು ಬಿಟ್ಟು ಹೋದವರನ್ನು ಹೋದ ಕಡೆಯಲ್ಲಿ ಹಾಗೆ ಕರೆಯುತ್ತಾರೆ ಎಂದನಂತೆ.

ನಾನು ಮೆಲ್ಲಗೆ ಕನ್ನಡದಲ್ಲಿ ಅಣ್ಣನಿಗೆ ಗುಮಾಸ್ತನ ಮಾತನ್ನು ಹೇಳಿದೆ. ಅವರ ಅಡ್ಡಹೆಸರೂ ಊರಿನದ್ದೇ. ಊರಿನಲ್ಲಿ ಆ ಹೆಸರಿನಿಂದ ತಮ್ಮನ್ನು ಯಾರೂ ಕರೆದದ್ದಿಲ್ಲ, ಮುಂಬೈಯಲ್ಲಿ ಕೆಲಸ ಕೊಟ್ಟವನು ಬರೆಸಿದ್ದು ಎಂದರು. ಸುತ್ತ ನೋಡಿದೆ. ಆ ಹಾಲ್‌ನಲ್ಲಿ ಊರು ಬಿಡದವರು ಒಬ್ಬರೂ ಇರಲಿಲ್ಲ. ನಾವೆಲ್ಲ ಮರಳುಗಾಡಿನ ಅಂಚಿನ ಈ ಊರಿಗೆ ಬಂದು ಸೇರಿದ ಹಾಗೆ, ಒಂದು ಗುಡ್ಡದ ಹೆಸರು ಯಾವ ಯಾವ ಸಮುದ್ರ ದಾಟಿ ಬಂದು ಈ ಮೇಜಿನ ಸುತ್ತ ಕೂತಿದೆ ಎನ್ನಿಸಿತು.

ಅಷ್ಟರಲ್ಲಿ ಮೈಕಿನಲ್ಲಿ ಒಪ್ಪಿಸಿಕೊಡುವ ಶಾಸ್ತ್ರಕ್ಕೆ ಕರೆದರು. ಹೆಣ್ಣಿನ ಕಡೆಯ ಹಿರಿಯರು ಮುಂದೆ ಬರಬೇಕು. ಮುಸ್ಯೂ ಎದ್ದರು. ಅವರ ಹಿಂದೆ ಬೇಕರಿಯವನೂ ಹೆಂಡತಿಯೂ ಎದ್ದರು, ಎಂಜಿನಿಯರ್ ಎದ್ದ, ಮುದುಕಿ ಕೋಲಿಗೆ ಕೈಹಾಕಿದರು. ಹಾಲ್‌ನಲ್ಲಿ ಗುಸುಗುಸು ಶುರುವಾಯಿತು. ಮೊದಲ ಸಾಲಿನಲ್ಲಿ ಕೂತಿದ್ದ ದೊಡ್ಡ ಅತ್ತೆ ಆ ಮೆರವಣಿಗೆಯನ್ನು ಮೇಲಿಂದ ಕೆಳಗೆ ನೋಡಿ, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಮುಸ್ಯೂವನ್ನು ಕೇಳಿದರು, ಇವರೆಲ್ಲ ನಿಮಗೆ ಏನಾಗಬೇಕು ಎಂದು.

ದೂರದ ಅಣ್ಣತಮ್ಮಂದಿರು ಎಂದು ಒಂದು ಮಾತು ಹೇಳಿದ್ದರೆ ಆ ಗಳಿಗೆ ದಾಟುತ್ತಿತ್ತು. ಅದನ್ನು ಸುಳ್ಳೆಂದು ಸಾಧಿಸಲು ಯಾರಿಂದಲೂ ಆಗುತ್ತಿರಲಿಲ್ಲ.

"ಏನಾಗಬೇಕು ಅಂತ ನನಗೆ ಗೊತ್ತಿಲ್ಲ," ಎಂದರು ಮುಸ್ಯೂ. "ಹೆಸರು ಒಂದೇ. ನಮ್ಮ ಮಗಳ ಮದುವೆ ಅಂತ ಹೇಳಿ ಕಳಿಸಿದೆವು. ಬಂದರು."

ಅತ್ತೆ ತಿರುಗಿ ತಮ್ಮವರಿಗೆ ಕೊಂಕಣಿಯಲ್ಲಿ ಗಟ್ಟಿಯಾಗಿ ಏನೋ ಹೇಳಿದರು. ಮೊದಲ ಸಾಲಿನವರು ಲಗುಬಗೆಯಿಂದ ಎದ್ದು ಕುರ್ಚಿ ಖಾಲಿ ಮಾಡಿದರು. ಒಬ್ಬ ಯುವಕ ಓಡಿಬಂದು ಮುದುಕಿಯ ತೋಳು ಹಿಡಿದ. ಏನು ಹೇಳಿದರು ಎಂದು ಅಣ್ಣನನ್ನು ಕೇಳಿದೆ.

"'ಶಾರ್ಜಾದಲ್ಲಿರುವ ನಮ್ಮ ಸ್ವಂತ ತಮ್ಮ ನಾಲ್ಕು ಸಲ ಕರೆದರೂ ಬರಲಿಲ್ಲ, ಇವರು ಒಂದು ಫೋನಿಗೆ ಬಂದಿದ್ದಾರೆ, ಎದ್ದು ಜಾಗ ಕೊಡಿ' ಅಂತ," ಎಂದರು ಅಣ್ಣ. "ನಾನು ಮೊದಲೇ ಹೇಳಿದ್ದೆ ಅಲ್ವಾ ಅಕ್ಕ?"

ಶಾಸ್ತ್ರದ ಮಾತು ಮುಸ್ಯೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಅರ್ಧಕ್ಕೆ ಮಾತು ಮರೆತುಹೋಯಿತು. ಅವರ ಕೈಯಲ್ಲಿದ್ದ ಮಗಳ ಕೈಯನ್ನು ಬೇಕರಿಯವನು ಮೆತ್ತಗೆ ತೆಗೆದುಕೊಂಡು, ಉಳಿದ ಅರ್ಧವನ್ನು ಅವನ ದ್ವೀಪದ ಭಾಷೆಯಲ್ಲಿ ತನಗೆ ತೋಚಿದ ಹಾಗೆ ಹೇಳಿದ. ಅವನಿಂದ ಅವನ ಹೆಂಡತಿಗೆ, ಅವಳಿಂದ ಎಂಜಿನಿಯರಿಗೆ, ಅವನಿಂದ ಮುದುಕಿಗೆ ಆ ಕೈ ದಾಟಿತು. ಹೀಗೆ ಮಾಡಬೇಕೆಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಮುದುಕಿ ಆ ಕೈಯನ್ನು ಹುಡುಗನ ತಾಯಿಯ ಅಂಗೈಯಲ್ಲಿಟ್ಟು ತಮ್ಮ ಕೈಯನ್ನು ಮೇಲೆ ಮುಚ್ಚಿದರು. ಹುಡುಗಿ ಅಳುತ್ತಿದ್ದಳು. ಒಂದೊಂದು ಮುಖವನ್ನೂ ತಿರುತಿರುಗಿ ನೋಡುತ್ತಿದ್ದಳು.

ಜನ ಚದುರುವಾಗ ಹುಡುಗನ ತಾಯಿ ಮುಸ್ಯೂ ಹತ್ತಿರ ಬಂದರು. ಮುಂದಿನ ವಾರ ಅಬುಧಾಬಿಯ ತಮ್ಮ ಮನೆಯಲ್ಲಿ ಹೆಣ್ಣಿನ ಕಡೆಯವರಿಗೆ ಊಟ ಇಟ್ಟುಕೊಂಡಿದ್ದರು. ಅವರ ಕ್ರಮದಲ್ಲಿ ಮೊದಲ ಕರೆ ಹೆಣ್ಣಿನ ಕುಟುಂಬದ ಹಿರಿಯರಿಗೆ ಹೋಗಬೇಕು, ಆಮೇಲೆ ಉಳಿದವರಿಗೆ. ನಿಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಯಾರು ಎಂದು ಕೇಳಿದರು.

ಮುಸ್ಯೂಗೆ ಅದು ಗೊತ್ತಿರಲಿಲ್ಲ. ಒಂದು ನಿಮಿಷ ಎಂದು ಹೇಳಿ, ಟೈ ಸರಿಮಾಡಿಕೊಂಡು, ಕುರ್ಚಿಯಿಂದ ಕುರ್ಚಿಗೆ ಹೋಗಿ ಬಗ್ಗಿ ಬಗ್ಗಿ ಒಬ್ಬೊಬ್ಬರ ವಯಸ್ಸು ಕೇಳಿಕೊಂಡು ಬಂದರು. ಬೇಕರಿಯವನು ಅವರಿಗಿಂತ ಚಿಕ್ಕವನು. ಎಂಜಿನಿಯರ್ ಇನ್ನೂ ಚಿಕ್ಕವನು. ಮುದುಕಿ ಮೊದಲು ಹೆಂಗಸರ ವಯಸ್ಸು ಕೇಳುತ್ತಾರೆಯೇ ಎಂದು ಗದರಿ, ಆಮೇಲೆ ಕಿವಿಯಲ್ಲಿ ಹೇಳಿದರು. ಮುಸ್ಯೂ ನೆಟ್ಟಗೆ ನಿಂತು, ಮೊದಲು ಇವರನ್ನು ಕರೆಯಬೇಕು ಎಂದರು.

ಹುಡುಗನ ತಾಯಿ ಮುದುಕಿಯ ಮುಂದೆ ಬಗ್ಗಿ, ಎರಡೂ ಕೈ ಹಿಡಿದು ಊಟಕ್ಕೆ ಕರೆದರು. ಮುದುಕಿ ಕೈಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಅಬುಧಾಬಿಯ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಕೇಳಿದರು.